ದೋಣಿಗೆ ನಾನು ಹುಡುಕಿಕೊಟ್ಟ ದೀಪ

ದೆವ್ವ, ಗಾಳಿ, ಸತ್ತವರ ನೆರಳು ಎಂದು ಯಾರಾದರೂ ಶುರುಮಾಡಿದರೆ ಎದ್ದು ಹೋಗುವವಳು ನಾನು. ಬೆಳಗಾವಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅಂಥ ಕಥೆ ಹೇಳಿದವರನ್ನು ಅಡ್ಡಪ್ರಶ್ನೆ ಕೇಳಿ ಮುಖ ಕೆಡಿಸಿದ್ದೂ ಉಂಟು. ಈಗ ನಾನೇ ಒಂದು ಹೇಳಲು ಕುಳಿತಿದ್ದೇನೆ. ನೀವು ನಕ್ಕರೆ ನನ್ನ ತಕರಾರಿಲ್ಲ.

ಎಪ್ಪತ್ತರ ದಶಕದ ಕೊನೆ. ಎರಡನೇ ಸಂಬಂಧಕ್ಕೆ ಮದುವೆಯಾಗಿ ಅನಗೋಳದ ಮನೆಗೆ ಬಂದಿದ್ದೆ. ಮೊದಲ ಹೆಂಡತಿ ಗಿರಿಜಾ ಜ್ವರದಿಂದ ತೀರಿಹೋಗಿದ್ದಳು. ಪದ್ಧತಿಯಂತೆ ಅವಳ ಹೆಸರಿನ ಪುಟ್ಟ ಬೆಳ್ಳಿ ಬಿಲ್ಲೆಯನ್ನು ತಾಳಿಯ ಜೊತೆಗೇ ನನ್ನ ಕೊರಳಿಗೆ ಕಟ್ಟಿದ್ದರು. ಸತ್ತರೂ ಎದೆಯ ಮೇಲೇ ಕೂತಿದ್ದಳು ಸವತಿ. ಖಾನಾಪುರದ ಅವಳ ತವರೇ ನನಗೂ ತವರಾಗಬೇಕಿತ್ತು. ಹಬ್ಬಕ್ಕೆ ಅವಳ ತಾಯಿ ನನ್ನನ್ನು ಕರೆದು ಉಡಿ ತುಂಬುತ್ತಿದ್ದರು. ತುಂಬುವಾಗ ಅವರ ಕಣ್ಣು ಯಾರನ್ನು ಹುಡುಕುತ್ತಿತ್ತೆಂದು ನನಗೆ ಗೊತ್ತಿತ್ತು. ಹೊಟ್ಟೆ ಉರಿಯುತ್ತಿತ್ತು.

ನನ್ನ ಗಂಡ ಉದ್ಯಮಬಾಗದ ಫೌಂಡ್ರಿಯಲ್ಲಿ ಕಟ್ಟಿಗೆಯ ಅಚ್ಚು ಮಾಡುವವರು. ಕಾರವಾರದಲ್ಲಿ ಹಾಯಿದೋಣಿ ನೋಡಿ ಬಂದು, ಅಂಥದ್ದೇ ಚಿಕ್ಕದೊಂದನ್ನು ತಾವೇ ಮಾಡಿದ್ದರು. ಅದು ಗಿರಿಜಾ ಇದ್ದಾಗಿನ ಮಾತು. ಹಾಯಿ ಹೊಲಿದವಳು ಅವಳು, ಬಣ್ಣ ಹೇಳಿದವಳೂ ಅವಳೇ. ನನ್ನ ಪಾಲಿಗೆ ಉಳಿದದ್ದು ಒಂದು ದೀಪ ಮಾತ್ರ. ದೋಣಿ ಇದ್ದದ್ದು ಖಾನಾಪುರದ ಹತ್ತಿರ, ಮಲಪ್ರಭೆಗೆ ಕಟ್ಟಿದ ಬಾಂದಾರದ ಹಿನ್ನೀರಿನಲ್ಲಿ. ಕತ್ತಲಲ್ಲಿ ಲಂಗರು ಹಾಕಿ ನಿಂತಾಗ, ಸಂತೆಯ ಮಂದಿಯನ್ನು ದಾಟಿಸುವ ದೊಡ್ಡ ದೋಣಿ ಬಂದು ಬಡಿಯಬಾರದೆಂದು ಮೇಲೊಂದು ದೀಪ ಬೇಕಿತ್ತು.

ಕಂದೀಲು ತೂಗುಹಾಕಿದರು, ಗಾಳಿಗೆ ಆರಿತು. ಕಾರಿನ ಬಲ್ಬು ಹಾಕಿದರು, ಮೋಟರ್‌ಸೈಕಲ್ಲಿನ ಹಳೆಯ ಬ್ಯಾಟರಿ ಅದಕ್ಕೆ ತಾಳಲಿಲ್ಲ. “ಗಿರಿಜಾ ಇದ್ದಿದ್ರ ಏನರ ಒಂದು ಹಾದಿ ಹೇಳ್ತಿದ್ಳು,” ಎಂದರು. ಅಷ್ಟು ಸಾಕಾಯಿತು ನನಗೆ. ಸಿಕ್ಕ ಬಲ್ಬುಗಳನ್ನೆಲ್ಲ ಅಂಗಳದಲ್ಲಿ ಒಂದೊಂದಾಗಿ ಹಚ್ಚಿಟ್ಟು, ಓಣಿಯ ತುದಿಗೆ ಹೋಗಿ ನಿಂತು ನೋಡಿದೆ. ಕೊನೆಗೆ ಗೆದ್ದದ್ದು ಸೈಕಲ್ಲಿನ ಹಿಂದಿನ ದೀಪದ ಸಣ್ಣ ಬಲ್ಬು, ಅದರ ಮೇಲೆ ಬೋರಲು ಹಾಕಿದ ಉಪ್ಪಿನಕಾಯಿಯ ಗಾಜಿನ ಬಾಟಲಿ. ಕರೆಂಟು ಕಡಿಮೆ ತಿನ್ನುತ್ತಿತ್ತು, ಎಲ್ಲ ದಿಕ್ಕಿಗೂ ಕಾಣುತ್ತಿತ್ತು. ಅವಳ ಹಾಯಿಗಿಂತ ಮೇಲೆ, ಹಾಯಿಕಂಬದ ತುದಿಗೆ, ನನ್ನ ದೀಪ! ಆ ವಾರ ನನ್ನನ್ನು ಹಿಡಿಯುವವರೇ ಇರಲಿಲ್ಲ.

ಚಳಿಗಾಲದ ಒಂದು ರವಿವಾರ ಇಬ್ಬರೂ ರೈಲಿನಲ್ಲಿ ಖಾನಾಪುರಕ್ಕೆ, ಗಿರಿಜಾಳ ತವರಿಗೆ ಹೋದೆವು. ಗಂಡ ಬ್ಯಾಟರಿಯನ್ನು ದೋಣಿಯ ಪೆಟ್ಟಿಗೆಯಲ್ಲಿಟ್ಟು, ತಂತಿ ಜೋಡಿಸಿ, ಮುಚ್ಚಳ ಹಾಕಿ ಊಟಕ್ಕೆ ಬಂದರು. ಸಂಜೆ ದೀಪ ಪರೀಕ್ಷಿಸಲು ಒಬ್ಬರೇ ನಡುನೀರಿಗೆ ಹೋದರು. ಮುಚ್ಚಂಜೆ ನಾನು ದೇವರ ಕೋಣೆಗೆ ದೀಪ ಹಚ್ಚಲು ಹೋದರೆ, ಅಕ್ಕಿಯ ಬುಟ್ಟಿಯ ಹಿಂದೆ ಅದೇ ಬ್ಯಾಟರಿ ಕೂತಿದೆ!

“ದಂಡಿ ಮ್ಯಾಲ ಬಿಟ್ರ ಯಾರರ ಎತ್ಕೊಂಡು ಹೋಗ್ತಾರಂತ ನಾನ ತಂದಿಟ್ಟೇನವ್ವಾ,” ಎಂದರು ಗಿರಿಜಾಳ ತಾಯಿ. “ಅವರು ಉಂಡು ಅಡ್ಡಾಗಿದ್ರು. ಆಮ್ಯಾಲ ಹೇಳೂದ ಮರತೆ.”

ಇಬ್ಬರೂ ದಂಡೆಗೆ ಓಡಿದೆವು. ಮಂಜು ಇಳಿದು ನೀರೇ ಕಾಣುತ್ತಿರಲಿಲ್ಲ. ಸಂತೆಯ ದೋಣಿಯ ಗದ್ದಲ ಹತ್ತಿರವಾಗುತ್ತಿತ್ತು. ಗಂಟಲು ಹರಿಯುವಂತೆ ಕೂಗಿದೆವು, ಯಾರಿಗೂ ಕೇಳಲಿಲ್ಲ. ನನ್ನ ಗಂಡನಿಗೆ ಈಜು ಬರುತ್ತಿರಲಿಲ್ಲ.

ಆಗ ನಡುನೀರಿನಲ್ಲಿ ದೀಪ ಹತ್ತಿತು. ಸಣ್ಣ, ಬಿಳಿಯ, ಅಲುಗದ ದೀಪ, ಹಾಯಿಕಂಬದ ಎತ್ತರದಲ್ಲಿ. “ಏ, ದೀಪ ಐತಿ, ಬಾಜೂಕ ತಗೋಳೋ!” ಎಂದು ಯಾರೋ ಕಿರುಚಿದರು. ದೊಡ್ಡ ದೋಣಿ ಸರಿದು ಹೋಯಿತು.

ಗಿರಿಜಾಳ ತಾಯಿ ನನ್ನ ಕೈ ಬಿಟ್ಟು ಆ ಬೆಳಕಿಗೆ ಕೈ ಮುಗಿದರು. “ಬಂದ್ಯಾ ಮಗಳ?” ಎಂದರು. ನನಗೆ ಹೇಳಿದ್ದಲ್ಲ ಅದು. ನಾನು ಹೆದರಬೇಕಿತ್ತು, ಹೆದರಲಿಲ್ಲ. ಗಂಡ ಉಳಿದರಲ್ಲ ಎಂಬ ಸಮಾಧಾನದ ಬೆನ್ನಿಗೇ ಮೈಯೆಲ್ಲ ಉರಿದುಹೋಯಿತು. ನನ್ನದೆಂದು ಇದ್ದದ್ದು ಒಂದೇ ಒಂದು ದೀಪ. ಅದನ್ನೂ ಇವಳೇ ಬಂದು ಹಚ್ಚಬೇಕೆ?

ಮಂಜು ಸ್ವಲ್ಪ ತಿಳಿಯಾದ ಮೇಲೆ ಅವರು ದಂಡೆಗೆ ಬಂದರು. “ಗುಂಡಿ ಒತ್ತಿದ್ನೋ ಇಲ್ಲೋ, ಹತ್ತೇ ಬಿಡ್ತು! ನೀ ಹುಡುಕಿಕೊಟ್ಟ ದೀಪ ಇವತ್ತ ನನ್ನ ಜೀವಾ ಉಳಸ್ತು ನೋಡು,” ಎಂದು ತಮ್ಮ ಅತ್ತೆಯ ಎದುರಿಗೇ ನನ್ನ ಕೈ ಹಿಡಿದರು. ಬ್ಯಾಟರಿ ಮನೆಯಲ್ಲಿದೆ ಎನ್ನಲು ನಾನು ಬಾಯಿ ತೆರೆದೆ. ಗಿರಿಜಾಳ ತಾಯಿ ನನ್ನ ಮುಖವನ್ನೇ ನೋಡುತ್ತಿದ್ದರು. ನನಗಿಂತ ಮೊದಲು ಅವರೇ ಹೇಳಿದರು: “ಹೌದ್ರಿ, ಈಕೀ ದೀಪಾನ ಅದು.”

ಬೆಳಿಗ್ಗೆ ಗಂಡ ಏಳುವಷ್ಟರಲ್ಲಿ ಬ್ಯಾಟರಿ ದೋಣಿಯ ಪೆಟ್ಟಿಗೆ ಸೇರಿತ್ತು. ಆ ತಾಯಿಯ ಸೀರೆಯ ಅಂಚು ಒದ್ದೆಯಾಗಿತ್ತು.

ಆಮೇಲೆ ಎಷ್ಟು ತಲೆ ಕೆಡಿಸಿಕೊಂಡೆನೋ! ಬೇರೆ ಯಾರದೋ ಕಂದೀಲು ಎನ್ನೋಣವೆಂದರೆ, ಓಣಿಯ ತುದಿಯಿಂದ ಅಷ್ಟು ಸಲ ನೋಡಿದ ನನ್ನ ಬಲ್ಬಿನ ಬೆಳಕು ನನಗೆ ಗೊತ್ತಾಗದೆ? ಮಕ್ಕಳಿಗೆ ಕಲಿಸಿದ ಯಾವ ಪಾಠವೂ ಅದಕ್ಕೆ ಹೊಂದಲಿಲ್ಲ. ಗಂಡನಿಗೆ ಇವತ್ತಿಗೂ ಹೇಳಿಲ್ಲ. ಅವರು ಪೇಪರು ಬಿಟ್ಟು ಬೇರೇನೂ ಓದುವವರಲ್ಲ, ಆ ಧೈರ್ಯದಿಂದ ನಿಮಗೆ ಹೇಳುತ್ತಿದ್ದೇನೆ. ಮನೆಗೆ ಬಂದವರ ಮುಂದೆ ಅವರು ಈಗಲೂ ಆ ಸಂಜೆಯ ಕಥೆ ತೆಗೆದು ನನ್ನನ್ನು ಹೊಗಳುತ್ತಾರೆ. ನಾನು ಚಹಾ ಕೊಡುತ್ತ ಸುಮ್ಮನೆ ಕೇಳುತ್ತೇನೆ. ಹಚ್ಚಿದವಳು ಅವಳೇ ಇರಬಹುದು. ಆದರೆ ಆ ಹೊಗಳಿಕೆಯನ್ನು ಮಾತ್ರ ನಾನು ಅವಳಿಗೆ ಕೊಡಲಾರೆ.