ಬುಟ್ಟಿಯಲ್ಲಿಟ್ಟ ದನಿ

ಬೀದಿಯವರು ಅವಳಿಗೆ ಇಟ್ಟ ಹೆಸರು ಬ್ರಷ್ ಅಕ್ಕ. ಯಾರ ಮನೆಯ ಕಂಪ್ಯೂಟರ್ ತೆವಳುತ್ತಿದ್ದರೂ ಅವಳು ಹೋಗಿ ಮೊದಲು ಮಾಡುತ್ತಿದ್ದ ಕೆಲಸ, ಚೀಲದಿಂದ ಬಣ್ಣ ಬಳಿಯುವ ಬ್ರಷ್ ತೆಗೆದು ಡಬ್ಬದೊಳಗಿನ ಫ್ಯಾನಿನ ಧೂಳು ಕೊಡವುವುದು. ಆ ಧೂಳನ್ನು ಹಾಳೆಯ ಮೇಲೆ ಹಾಕಿ ಮನೆಯವರಿಗೆ ತೋರಿಸುವ ಚಪಲ ಬೇರೆ. "ಇಷ್ಟನ್ನ ಮೂಗಲ್ಲಿ ತುಂಬ್ಕೊಂಡು ನೀವು ಓಡ್ತೀರಾ?" ಎಂದು ಕೇಳುವಳು. ಆಮೇಲೆ ಅವಳ ಮುಂದೆ ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಮುಂದಿನದೆಲ್ಲ ಕೈಗೆ ಬಾಯಿಪಾಠ. ಆನ್ ಮಾಡಿದ ಕೂಡಲೇ ತಾವಾಗಿ ಎದ್ದು ಕೂರುವ ಪ್ರೋಗ್ರಾಂಗಳನ್ನು ಮಲಗಿಸುವುದು, ಯಾರೋ ಯಾವಾಗಲೋ ಹಾಕಿ ಮರೆತ ಆಟಗಳನ್ನು ಕಿತ್ತುಹಾಕುವುದು, ಪರದೆಯ ಮೂಲೆಯಲ್ಲಿರುವ ಕಸದ ಬುಟ್ಟಿಯನ್ನು ಖಾಲಿ ಮಾಡುವುದು. ಇಷ್ಟಕ್ಕೂ ಬಗ್ಗದಿದ್ದರೆ ಹಳೆಯ ಡಿಸ್ಕಿನಲ್ಲಿ ಉಳಿದದ್ದನ್ನು ಹೊಸ ಡಿಸ್ಕಿಗೆ ನಕಲು ಮಾಡಿ ಕೂರಿಸುವುದು. ಇಪ್ಪತ್ತು ವರ್ಷ ಇದೇ ಕೆಲಸ, ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದಳು. ಕಣ್ಣು ಮುಚ್ಚಿಕೊಂಡು ಮಾಡಿದ್ದೇ ಮುಳುವಾಯಿತು.

ಎರಡು ವರ್ಷದ ಹಿಂದೆ ಕನ್ನಡಕದ ಅಂಗಡಿಯ ಯಜಮಾನರು ಅವಳನ್ನು ಕರೆದರು. ಕೆಳಗೆ ಅಂಗಡಿ, ಮೇಲೆ ಮನೆ. ಅವಳ ಮೂಗಿನ ಮೇಲಿದ್ದ ಕನ್ನಡಕವೂ ಅವರ ಕೈಯದೇ. ಅವರ ಹೆಂಡತಿ ತೀರಿಕೊಂಡು ಒಂದು ವರ್ಷವಾಗಿತ್ತು. ಆಕೆ ಅಂಗಡಿಯ ಸ್ಟೂಲಿನ ಮೇಲೆ ಕೂತು ಸಾಸಿವೆಯಷ್ಟು ಸಣ್ಣ ಸ್ಕ್ರೂಗಳನ್ನು ವಿಂಗಡಿಸುತ್ತಿದ್ದುದು ಬ್ರಷ್ ಅಕ್ಕನಿಗೆ ನೆನಪಿತ್ತು. ದನಿ ಮಾತ್ರ ಎಷ್ಟು ನೆನೆದರೂ ನೆನಪಾಗುತ್ತಿರಲಿಲ್ಲ.

"ಬೆಳಿಗ್ಗೆ ಆನ್ ಮಾಡಿ, ಕೆಳಗಿಳಿದು ಅಂಗಡಿ ಗುಡಿಸಿ ಬಂದ್ರೂ ಇದಿನ್ನೂ ಆಕಳಿಸ್ತಾ ಇರುತ್ತೆ ಮಗಳೇ," ಎಂದರು ಯಜಮಾನರು.

ಒಂದು ಮಧ್ಯಾಹ್ನದಲ್ಲಿ ಅವಳು ಎಲ್ಲ ಮುಗಿಸಿದಳು. ಧೂಳು, ಪ್ರೋಗ್ರಾಂ, ಬುಟ್ಟಿ, ಹೊಸ ಡಿಸ್ಕು. ಹಳೆಯದನ್ನು ಏನು ಮಾಡಲಿ ಎಂದು ಕೇಳಿದ್ದಕ್ಕೆ ಅವರು, "ನಂಗ್ಯಾಕಮ್ಮ, ನಿಂಗೆ ಬೇಕಿದ್ರೆ ಇಟ್ಕೋ," ಎಂದರು. ಅವಳು ಅದನ್ನು ಮನೆಗೆ ತಂದು, ಫಾರ್ಮ್ಯಾಟ್ ಮಾಡಿ, ತನ್ನ ಕಂಪ್ಯೂಟರಿಗೇ ಜೋಡಿಸಿದಳು. ಬಸ್ ಓಡಿಸುವ ಅವಳ ಗಂಡ, ಜಾಗ ಸಿಕ್ಕಿತೆಂದು ಖುಷಿಪಟ್ಟು, ಅವತ್ತಿನಿಂದಲೇ ಅದಕ್ಕೆ ಹಳೆಯ ಸಿನಿಮಾಗಳನ್ನು ತುಂಬತೊಡಗಿದ.

ಮೂರನೆಯ ದಿನ ಯಜಮಾನರ ಫೋನು ಬಂತು.

"ಮಗಳೇ, ಆ ಬುಟ್ಟಿ ಖಾಲಿ ಇದೆಯಲ್ಲ?"

"ಹೌದು ಯಜಮಾನ್ರೇ, ಅದನ್ನೂ ಕ್ಲೀನ್ ಮಾಡಿದ್ದೀನಿ," ಎಂದಳು, ಶಭಾಷ್ ಅನ್ನಿಸಿಕೊಳ್ಳುವ ಉಮೇದಿನಲ್ಲಿ.

ಆ ಕಡೆಯಿಂದ ಮೌಸ್ ಒತ್ತುವ ಸದ್ದು ಎರಡು ಸಲ ಕೇಳಿಸಿತು.

"ಅದರಲ್ಲಿ ನಮ್ಮನೆಯವಳ ಮಾತಿತ್ತಮ್ಮ. ಹದಿನೇಳು. ಆಸ್ಪತ್ರೆಯಿಂದ ಕರ್ಕೊಂಡು ಬಂದ್ಮೇಲೆ ರೆಕಾರ್ಡ್ ಮಾಡಿಟ್ಟಿದ್ದೆ. ಅಳಿಸೋಕೆ ಮನಸ್ಸಿಲ್ಲ, ಕೇಳೋಕೆ ಧೈರ್ಯ ಇಲ್ಲ. ಅದಕ್ಕೇ ಬುಟ್ಟಿಗೆ ಹಾಕಿದ್ದೆ. ದಿನಾ ಒಂದ್ಸಲ ತೆಗೆದು, ಹದಿನೇಳೂ ಇದೆ ಅಂತ ನೋಡಿ ಮುಚ್ತಿದ್ದೆ." ಆಮೇಲೆ ಕೇಳಿದರು: "ಹಳೇ ಡಿಸ್ಕು ನಿನ್ನ ಹತ್ರ ಇದೆಯಾ?"

ಇದೆ ಎನ್ನಬೇಕಿತ್ತು. ಆದರೆ ಅವಳ ಗಂಡ ಆ ಹೊತ್ತಿಗೆ ಅದರ ಮುಕ್ಕಾಲು ತುಂಬಿಸಿದ್ದ. ಸತ್ತವಳ ಮಾತಿನ ಮೇಲೆ ನಮ್ಮವರು ಸಿನಿಮಾ ಹಾಕಿದ್ದಾರೆ ಎಂದು ಯಾವ ಬಾಯಲ್ಲಿ ಹೇಳುವುದು?

"ಇಲ್ಲ ಯಜಮಾನ್ರೇ," ಎಂದಳು. "ಗುಜರಿಗೆ ಹಾಕ್ಬಿಟ್ಟೆ."

"ಹೋಗ್ಲಿ ಬಿಡಮ್ಮ. ಈಗ ತುಂಬ ಸ್ಪೀಡಾಗಿದೆ," ಎಂದು ಅವರು ಫೋನಿಟ್ಟರು. ನಾಲ್ಕು ಮಾತು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವತ್ತೇ ಅವಳು ಡಿಸ್ಕನ್ನು ಕಿತ್ತು, ಗಂಡನ ಹಳೆಯ ಕಾಲುಚೀಲದೊಳಗೆ ತೂರಿಸಿ, ಹೊಲಿಗೆ ಯಂತ್ರದ ಡ್ರಾಯರಿನಲ್ಲಿಟ್ಟಳು. ಅಳಿಸಿದ ಫೈಲುಗಳನ್ನು ಹುಡುಕಿ ತೆಗೆಯುವ ದಾರಿ ಅವಳಿಗೆ ಗೊತ್ತಿಲ್ಲವೆಂದಲ್ಲ. ಹುಡುಕದೆ ಇರುವಷ್ಟು ದಿನ ಹದಿನೇಳೂ ಅಲ್ಲೇ ಇದ್ದಾವು. ಹುಡುಕಿ ಏನೂ ಸಿಗದಿದ್ದರೆ ಆ ಹೆಂಗಸನ್ನು ಎರಡನೆಯ ಸಲ ಇಲ್ಲವಾಗಿಸಿದವಳು ತಾನೇ ಎಂದು ಗಟ್ಟಿಯಾಗಿಬಿಡುತ್ತದೆ. ಆ ಭಯಕ್ಕೆ ಅವಳು ಡ್ರಾಯರಿನ ತಂಟೆಗೇ ಹೋಗಲಿಲ್ಲ.

ಡ್ರಾಯರು ಮಾತ್ರ ಅವಳ ತಂಟೆ ಬಿಡಲಿಲ್ಲ. ಹಾಡುಹಗಲಲ್ಲಿ, ತರಕಾರಿ ಹೆಚ್ಚುತ್ತಿರುವಾಗ, ಅದರೊಳಗಿಂದ ಡಿಸ್ಕು ತಿರುಗುವ ಸದ್ದು ಬರುತ್ತಿತ್ತು. ಕಟ್, ಕಟ್, ಆಮೇಲೊಂದು ಸಣ್ಣ ಗೊರಗೊರ.

"ಕೇಳಿಸ್ತಾ?" ಎಂದು ಗಂಡನನ್ನು ಕೇಳಿದಳು.

"ಕರೆಂಟೇ ಇಲ್ದೆ ಅದು ಹೇಗೆ ತಿರುಗುತ್ತೆ ಮಾರಾಯ್ತಿ? ರಿಪೇರಿ ಮಾಡೋಳು ನೀನಾ ನಾನಾ?"

ಬೇರೆಯವರ ಮನೆಯಲ್ಲಿ ಇನ್ನೂ ಕಷ್ಟ. ಡಬ್ಬದ ಫ್ಯಾನು ಗಿರ್ರೆಂದು ಶುರುವಾಗಿ, ಸ್ಪೀಕರು ಎಚ್ಚರಗೊಳ್ಳುವ ಮುಂಚಿನ ಆ ಒಂದು ಕ್ಷಣದಲ್ಲಿ, ಯಾರೋ ಹೆಂಗಸು ಮಾತಾಡಲು ಉಸಿರೆಳೆದುಕೊಂಡ ಹಾಗೆ ಕೇಳುತ್ತಿತ್ತು. ಉಸಿರಷ್ಟೇ. ಮಾತು ಬರುತ್ತಿರಲಿಲ್ಲ. ಅವಳು ಹಿಂತಿರುಗಿ ನೋಡುವಳು, ಬೆನ್ನ ಹಿಂದೆ ಗೋಡೆಯಿರುತ್ತಿತ್ತು. ಬುಟ್ಟಿ ಖಾಲಿ ಮಾಡಲು ಕೈಯೇ ಏಳುತ್ತಿರಲಿಲ್ಲ. ಮನೆಯವರನ್ನೆಲ್ಲ ಪಕ್ಕದಲ್ಲಿ ಕೂರಿಸಿಕೊಂಡು ಬುಟ್ಟಿಯಲ್ಲಿದ್ದ ಒಂದೊಂದನ್ನೂ ತೋರಿಸಿ ಕೇಳುವಳು: "ಇದು ಬೇಕಾ? ಇದು? ಸರಿಯಾಗಿ ನೋಡಿ ಹೇಳಿ."

"ಅಕ್ಕ, ಅದು ಕಸದ ಬುಟ್ಟಿ," ಎಂದು ಜನ ತಲೆ ಚಚ್ಚಿಕೊಂಡರು. ಈಗೀಗ ಕಂಪ್ಯೂಟರಿಗಿಂತ ಬ್ರಷ್ ಅಕ್ಕನೇ ನಿಧಾನ ಎಂಬ ಮಾತು ಬೀದಿಯಲ್ಲಿ ಹಬ್ಬಿತು.

ಕನ್ನಡಕದ ಅಂಗಡಿ ಬಂದರೆ ಅವಳು ರಸ್ತೆ ದಾಟಿ ಆಚೆ ಬದಿಯಲ್ಲಿ ತಲೆ ತಗ್ಗಿಸಿ ನಡೆಯುವಳು. ಕಣ್ಣಿನ ನಂಬರು ಬದಲಾಗಿತ್ತು, ಪರದೆಯ ಅಕ್ಷರಗಳು ಕಲಸಿಕೊಳ್ಳುತ್ತಿದ್ದವು. ಬೇರೆ ಅಂಗಡಿಗೆ ಹೋಗಬಹುದಿತ್ತು. ಅದಕ್ಕೂ ಮನಸ್ಸು ಒಪ್ಪಲಿಲ್ಲ.

ಹೀಗೇ ಎರಡು ವರ್ಷ ಕಳೆಯಿತು. ಮೊನ್ನೆ ಗಂಡ ಕನ್ನಡಕದ ಕಡ್ಡಿ ಸರಿಮಾಡಿಸಿಕೊಂಡು ಬಂದವನು ಹೇಳಿದ: "ಯಜಮಾನ್ರಿಗೆ ಕಿವಿ ಹೋಗ್ತಾ ಇದೆ ಕಣೇ. ಮೂರು ಸಲ ಕೂಗಬೇಕಾಯ್ತು. ಇನ್ನೊಂದು ವರ್ಷಕ್ಕೆ ಪೂರ್ತಿ ಕೇಳಿಸಲ್ಲ ಅಂದ್ರಂತೆ ಡಾಕ್ಟ್ರು. ನೀನು ಹೇಗಿದ್ದೀಯ ಅಂತ ಕೇಳಿದ್ರು."

ಕಿವಿಯೇ ಹೋದಮೇಲೆ ಹದಿನೇಳೂ ಸಿಕ್ಕಿ ಏನು ಪ್ರಯೋಜನ?

ಮರುದಿನ ಬೆಳಿಗ್ಗೆ ಗಂಡ ಡ್ಯೂಟಿಗೆ ಹೊರಟ ಕೂಡಲೇ ಅವಳು ಡ್ರಾಯರು ಎಳೆದಳು. ಡಿಸ್ಕಿನ ಮೇಲೆ ಹೊಸದಾಗಿ ಏನೂ ಬರೆದುಕೊಳ್ಳದ ಹಾಗೆ ಜೋಡಿಸಿ, ಹುಡುಕುವ ಪ್ರೋಗ್ರಾಂ ಓಡಿಸಿದಳು. ಕಟ್, ಕಟ್, ಗೊರಗೊರ. ಈ ಸಲ ಸದ್ದು ನಿಜದ್ದು. ಆರು ಗಂಟೆ ಹಿಡಿಯಿತು. ಅವಳು ಒಲೆ ಹಚ್ಚಲಿಲ್ಲ, ಕುರ್ಚಿಯಿಂದ ಏಳಲಿಲ್ಲ.

ಹೆಸರಿಲ್ಲದ ನೂರಾರು ತುಣುಕುಗಳು ಎದ್ದು ಬಂದವು. ದನಿಯ ಫೈಲುಗಳು ಒಂಬತ್ತು. ಎಂಟರಲ್ಲಿ ಬರೀ ಭುಸ್ಸೆನ್ನುವ ಸದ್ದು. ಒಂಬತ್ತನೆಯದನ್ನು ಒತ್ತಿದಳು. ಮೊದಲು ಒಂದು ಉಸಿರು ಕೇಳಿಸಿತು. ಎರಡು ವರ್ಷದಿಂದ ಮನೆಮನೆಯಲ್ಲಿ ಅವಳ ಬೆನ್ನ ಹಿಂದೆ ಕೇಳಿಸುತ್ತಿದ್ದುದು ಅದೇ ಉಸಿರು. ಈ ಸಲ ಉಸಿರಿನ ಹಿಂದೆಯೇ ಮಾತು ಬಂತು.

"ಅದನ್ನ ಆಫ್ ಮಾಡ್ರೀ. ನಾನು ಹೋದ್ಮೇಲೆ ಅಂಗಡಿ ಬಾಗಿಲು ತೆಗೆಯೋದು ಬಿಟ್ಟು ಇದನ್ನೇ ಕೇಳ್ಕೊಂಡು ಕೂತಿರ್ತೀರ, ನಂಗೊತ್ತಿಲ್ವಾ? ಆ ಸ್ಕ್ರೂ ಡಬ್ಬಿಗೆ ಮುಚ್ಚಳ ಹಾಕಿದ್ರೋ ಇಲ್ವೋ?"

ಅಲ್ಲಿಗೆ ತುಂಡಾಯಿತು. ಬ್ರಷ್ ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಸಂಜೆಯ ಬಿಸಿಲಿರುವಾಗಲೇ ಅಂಗಡಿಗೆ ಹೋದಳು. ಯಜಮಾನರು ತಲೆಯೆತ್ತಿ ನೋಡಿ, "ಕಣ್ಣು ಕಿರಿದು ಮಾಡ್ತಿದ್ದೀಯ. ನಂಬರ್ ಬದಲಾಗಿದೆ," ಎಂದರು, ನಿನ್ನೆಯಷ್ಟೇ ಭೇಟಿಯಾದವರಂತೆ.

"ಯಜಮಾನ್ರೇ, ನಾನು ಸುಳ್ಳು ಹೇಳಿದ್ದೆ. ಡಿಸ್ಕು ಗುಜರಿಗೆ ಹಾಕಿರ್ಲಿಲ್ಲ. ನಮ್ಮನೇಲೇ ಇತ್ತು." ಅವರಿಗೆ ಕೇಳಿಸಲಿಲ್ಲ. ತಪ್ಪೊಪ್ಪಿಗೆಯನ್ನು ಕೂಗಿ ಹೇಳಬೇಕಾಯಿತು.

ಅವರು ಕೈಯಲ್ಲಿದ್ದ ಗಾಜನ್ನು ಒರೆಸುತ್ತಲೇ ಇದ್ದರು.

"ಹದಿನೇಳೂ ಸಿಕ್ತಾ?"

"ಒಂದೇ," ಎಂದು ಮತ್ತೆ ಕೂಗಿದಳು. "ಆವತ್ತೇ ಹೇಳಿದ್ರೂ ಒಂದೇ ಸಿಗ್ತಿತ್ತು. ಆದ್ರೆ ಆವತ್ತು ನಿಮ್ಮ ಕಿವಿ ಚೆನ್ನಾಗಿತ್ತು."

ಅವರು ಗಾಜನ್ನು ಕೆಳಗಿಟ್ಟು ಮೆಟ್ಟಿಲು ಹತ್ತಿದರು. ಅವಳು ಹಿಂದೆಯೇ ಹೋದಳು. ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು. ಎರಡು ವರ್ಷದ ಹಿಂದೆ ತಾನೇ ತಂದುಕೊಟ್ಟ ಆ ವೇಗವನ್ನು ನೋಡಲಾಗಲಿಲ್ಲ ಅವಳಿಗೆ. ಫೈಲನ್ನು ಅದರೊಳಗೆ ಇಳಿಸಿ, ಸ್ಪೀಕರಿನ ಸದ್ದನ್ನು ಪೂರ್ತಿ ಏರಿಸಿ, ಒತ್ತಲು ಬೆರಳಿಟ್ಟಳು. ಯಜಮಾನರು ಅವಳ ಮಣಿಕಟ್ಟು ಹಿಡಿದರು.

"ಬೇಡ. ಬುಟ್ಟಿಗೆ ಹಾಕು."

"ಆಮೇಲೆ ಕೇಳ್ಬೇಕು ಅಂತ ಅನಿಸಿದ್ರೂ..."

"ಗೊತ್ತು ಮಗಳೇ. ಬುಟ್ಟಿಗೆ ಹಾಕು."

ಹಾಕಿದಳು. ಅವರು ಬುಟ್ಟಿ ತೆರೆದು, "ಒಂದು," ಎಂದು ಎಣಿಸಿ ಮುಚ್ಚಿದರು.

ಆಮೇಲೆ ಅವಳತ್ತ ತಿರುಗಿ ಕೇಳಿದರು: "ನೀನು ಕೇಳಿದ್ಯಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಏನು ಹೇಳಿದ್ಲು ಅಂತ ಹೇಳ್ಬೇಡ. ಹೇಗಿದ್ದಾಳೆ ಹೇಳು."

"ಬೈತಾ ಇದ್ದಾರೆ."

ಅವರು ಕಿವಿಗೆ ಕೈ ಆನಿಸಿ ಅವಳತ್ತ ಬಾಗಿದರು. ಕೆಳಗಿನ ಅಂಗಡಿಗೂ ಕೇಳಿಸುವಷ್ಟು ಜೋರಾಗಿ ಅವಳು ಕೂಗಿದಳು:

"ನಿಮ್ಮನ್ನ ಬೈತಾ ಇದ್ದಾರೆ!"

"ಹಾಗಾದ್ರೆ ಅವಳೇ," ಎಂದರು ಯಜಮಾನರು.