ದುಂಡು ಅಂದರೆ ಹೂಂ

ಮೂಗಿನ ಮೇಲೆ ಕನ್ನಡಕ, ಮೂಗಿನ ತುದಿಯಲ್ಲಿ ಕೋಪ. ಇಷ್ಟು ಹೇಳಿದರೆ ಸಾಕು, ಆ ಬೀದಿಯಲ್ಲಿ ಯಾರಾದರೂ ಕನ್ನಡಕದಕ್ಕನ ಅಂಗಡಿಗೆ ದಾರಿ ತೋರಿಸುತ್ತಾರೆ. ತೋರಿಸಿ, "ಅಲ್ಲಿ ಚೌಕಾಸಿ ಗಿವ್ಕಾಸಿ ಮಾಡೋಕೆ ಹೋಗ್ಬೇಡಿ" ಎಂದು ಬುದ್ಧಿಯನ್ನೂ ಹೇಳಿ ಕಳಿಸುತ್ತಾರೆ. ಔಷಧದಂಗಡಿಗೂ ಸೈಕಲ್ ರಿಪೇರಿಯವನಿಗೂ ನಡುವೆ ಸಿಕ್ಕಿಕೊಂಡ ಅಂಗಡಿ ಅದು. ಮುಂದೆ ಫ್ರೇಮುಗಳ ಗಾಜಿನ ಕಪಾಟು, ಗೋಡೆಗೆ ದೊಡ್ಡಕ್ಷರದಿಂದ ಸಣ್ಣಕ್ಷರಕ್ಕಿಳಿಯುವ ಹಲಗೆ, ಮೂಲೆಯಲ್ಲಿ ಲೆನ್ಸ್ ಅರೆಯುವ ಯಂತ್ರ. ಕನ್ನಡಕದ ಮೇಲೆ ಕೂತು ಮುರಿದುಕೊಂಡು ಬಂದ ಗಿರಾಕಿಗೆ ಅಕ್ಕ ಒಮ್ಮೆ ಹೇಳಿದ್ದಳು: "ಕೂತ್ಕೊಳ್ಳೋಕೆ ಕುರ್ಚಿ ಅಂತ ಒಂದು ಮಾಡಿದಾರೆ, ನೋಡಿದೀರಾ? ಓ, ಕನ್ನಡಕ ಮುರಿದಿತ್ತಲ್ಲ, ಎಲ್ಲಿ ಕಾಣ್ಬೇಕು." ಹಾಗೆಂದವಳೇ ಕೂದಲೆಳೆಯಂಥ ತಿರುಪು ಹಾಕಿ, ಕಾಲು ನೆಟ್ಟಗೆ ಮಾಡಿ, ಅವನ ಕಿವಿಗೆ ತಾನೇ ಸಿಕ್ಕಿಸಿ ಕಳಿಸಿದಳು. ಬೈಸಿಕೊಂಡವರೆಲ್ಲ ಮತ್ತೆ ಅಲ್ಲಿಗೇ ಬರುತ್ತಾರೆ.

ಯಂತ್ರದ ಹಿಂದೆ ಒಂದು ಪರದೆ, ಪರದೆಯ ಹಿಂದೆ ಒಂದು ಕೋಣೆ. ಅಲ್ಲಿ ಡುಬ್ಬ ಬೆನ್ನಿನ ಹಳೆಯ ಟೀವಿ. ಹಳೆಯ ಆಟಗಳ ಚಿತ್ರ ಹೊಸ ತೆಳು ಟೀವಿಯಲ್ಲಿ ಹುಳಿಯೊಡೆದ ಹಾಲಿನ ಹಾಗೆ ಕಾಣುತ್ತದೆಂದು ಅವಳ ವಾದ. ಸುತ್ತ ಮರದ ಹಲಗೆಗಳ ಮೇಲೆ ಜಪಾನಿನ ಗೇಮ್ ಯಂತ್ರಗಳು, ಅವುಗಳ ಡಿಸ್ಕುಗಳು. ಎಲ್ಲವೂ ಕಥೆಯಾಟಗಳೇ: ನಾಲ್ಕೈದು ಜನರ ತಂಡ ಕಟ್ಟಿಕೊಂಡು, ಊರೂರು ಅಲೆದು, ದಾರಿಗಡ್ಡ ಬಂದ ರಾಕ್ಷಸರನ್ನು ಬಡಿದು, ಬಡಿದಷ್ಟೂ ಬಲ ಹೆಚ್ಚಿಸಿಕೊಂಡು, ಕೊನೆಗೆ ಲೋಕವನ್ನು ಉಳಿಸುವಂಥವು. ಒಂದೊಂದಕ್ಕೂ ತಿಂಗಳುಗಟ್ಟಲೆ ಬೇಕು. ಲೋಕ ಉಳಿಸುವುದೆಂದರೆ ಸುಮ್ಮನೆಯೇ?

ಅಂಗಡಿ ಬಾಗಿಲು ಅರ್ಧ ಎಳೆದ ಮೇಲೆ ಅಲ್ಲಿಗೆ ಬರುವವರು ಇಬ್ಬರು. ಒಬ್ಬರು ಶಾಲೆಯಲ್ಲಿ ಸಂಗೀತ ಹೇಳಿಕೊಡುವ ಮೇಷ್ಟ್ರು, ತಲೆ ಪೂರಾ ನರೆತವರು. ಇನ್ನೊಬ್ಬ ಆಂಬುಲೆನ್ಸ್ ಡ್ರೈವರ್. ಬಂದರೆಂದರೆ ಜಗಳ ಶುರು.

"ಅದೇ ರಾಗಾನ ಈಗ ದೊಡ್ಡ ವಾದ್ಯಮೇಳದಲ್ಲಿ ನುಡಿಸಿ ಬಿಟ್ಟಿದಾರೆ, ಕೇಳಕ್ಕ. ಮೈ ಜುಂ ಅನ್ನುತ್ತೆ," ಎನ್ನುವನು ಡ್ರೈವರ್.

"ಊರಲ್ಲಿರೋ ಪಿಟೀಲೆಲ್ಲ ಒಂದೇ ಕಡೆ ಸೇರಿಸಿದ್ರೆ ಅದು ಸಂಗೀತ ಅಲ್ಲ, ಸಂತೆ. ಈ ಡಬ್ಬಿ ನೋಡು. ಇದರ ಹೊಟ್ಟೇಲಿ ಎಷ್ಟು ಸ್ವರ ಹಿಡಿಯುತ್ತೋ ಅಷ್ಟರಲ್ಲೇ ಕೇಳೋರ ಕಣ್ಣಲ್ಲಿ ನೀರು ತರಿಸ್ತಿದ್ದ ಆ ರಾಗ ಕಟ್ಟಿದ ಮನುಷ್ಯ," ಎನ್ನುವಳು ಅಕ್ಕ.

"ಇಬ್ಬರದ್ದೂ ಒಂದು ಲೆಕ್ಕಕ್ಕೆ ಸರಿಯೇ," ಎಂದು ಮೇಷ್ಟ್ರು ಅಡ್ಡಗೋಡೆಯ ಮೇಲೆ ದೀಪ ಇಡುವರು. "ಒಂದು ಲೆಕ್ಕ ಹೇಳಿ ಮೇಷ್ಟ್ರೇ, ಎರಡೆರಡು ಬೇಡ," ಎಂದು ಅಕ್ಕ ಅವರನ್ನೂ ಬಿಡುವವಳಲ್ಲ.

ಯಾವ ಆಟದ ಯಾವ ರಾಗವನ್ನು ಬೇಕಾದರೂ ಆ ಕೋಣೆಯಲ್ಲಿ ಗುನುಗಬಹುದು, ಒಂದನ್ನು ಬಿಟ್ಟು. 'ಬಾಗಿಲು' ಎಂದು ಅವರು ಕರೆಯುವ ಆಟದ ಕೊನೆಯ ಹಾಡು ಅಲ್ಲಿ ನಿಷಿದ್ಧ. ಮೇಷ್ಟ್ರೂ ಡ್ರೈವರನೂ ತಮ್ಮ ತಮ್ಮ ಮನೆಯಲ್ಲಿ ಆ ಆಟ ಮುಗಿಸಿದವರೇ, ಮೇಷ್ಟ್ರಿಗಂತೂ ಆ ಹಾಡೆಂದರೆ ಪ್ರಾಣ. ಎಷ್ಟೋ ಸಲ ಬೆರಳು ಮೇಜಿನ ಮೇಲೆ ತಾನೇ ತಾಳ ಹಾಕಲು ಹೊರಟು, ಅಕ್ಕನ ಮುಖ ನೋಡಿ ಜೇಬು ಸೇರಿದೆ. ಏಕೆಂದರೆ ಅಕ್ಕ ಆ ಆಟದ ಕೊನೆ ನೋಡಿರಲಿಲ್ಲ. ನೋಡಲಾರದೆ ಅಲ್ಲ. ತಮ್ಮನಿಗೆ ಮಾತು ಕೊಟ್ಟಿದ್ದಳು.

ಅವರು ಚಿಕ್ಕವರಿದ್ದಾಗ ಅಮ್ಮನಿಗೆ ಗಿರಣಿಯಲ್ಲಿ ಪಾಳಿ ಕೆಲಸ. ತಮ್ಮನ ಮೂಗು ಒರೆಸಿದ್ದು, ತಲೆ ಬಾಚಿದ್ದು, ಬೆನ್ನಿಗೆರಡು ಗುದ್ದಿದ್ದು ಎಲ್ಲ ಅಕ್ಕನೇ. ಹಡಗಿನಲ್ಲಿ ಕೆಲಸಕ್ಕಿದ್ದ ಸೋದರಮಾವ ಒಮ್ಮೆ ಬರುವಾಗ ಜಪಾನಿನದೇ ಯಂತ್ರವನ್ನೂ 'ಬಾಗಿಲು' ಆಟವನ್ನೂ ತಂದುಕೊಟ್ಟ. ಅದರಲ್ಲಿ ಬರುವ ಬರಹವೆಲ್ಲ ಜಪಾನಿ, ಇವರಿಗೆ ಒಂದಕ್ಷರ ಬಾರದು. ಬಾರದಿದ್ದರೇನು, ಕಥೆಯನ್ನು ತಾವೇ ಕಟ್ಟಿಕೊಂಡರು. ನಾಯಕ ಯಾರ ಮನೆ ಕಂಡರೂ ಹೇಳದೆ ಕೇಳದೆ ನುಗ್ಗಿ, ಪೆಟ್ಟಿಗೆ ತೆಗೆದು, ಸಿಕ್ಕಿದ್ದನ್ನೆಲ್ಲ ಎತ್ತಿಕೊಂಡು ಹೊರಡುತ್ತಿದ್ದ. ಹಾಗಾಗಿ ಅವನಿಗೆ 'ಅಳಿಯ' ಎಂದು ಹೆಸರಿಟ್ಟರು. ಗಾಯ ವಾಸಿ ಮಾಡುವವಳು 'ನರ್ಸಮ್ಮ'. ನಡಿಗೆ ಅಕ್ಕನದು, ಹೊಡೆದಾಟ ತಮ್ಮನದು. "ನಿಂಗೆ ಫೈಟ್ ಬರಲ್ಲ ಬಿಡಕ್ಕ, ಕೊಡಿಲ್ಲಿ," ಎಂದು ಅವನು ಕಂಟ್ರೋಲರ್ ಕಿತ್ತುಕೊಳ್ಳುವನು. ಬೀದಿಯನ್ನೇ ನಡುಗಿಸುವ ಅಕ್ಕ ಅವನಿಗೆ ಮಾತ್ರ ಸುಮ್ಮನೆ ಕೊಟ್ಟುಬಿಡುವಳು.

ಓದಲು ಬಾರದ ಆಟದಲ್ಲಿ ಅವರು ಮೊದಲು ಕಲಿತದ್ದು ಎರಡು ಗುಂಡಿ. ಜಪಾನಿನ ಯಂತ್ರದಲ್ಲಿ ದುಂಡು ಗುರುತಿನ ಗುಂಡಿ ಒತ್ತಿದರೆ ಹೌದು, ಎರಡು ಗೆರೆ ಅಡ್ಡಹಾಯ್ದ ಕತ್ತರಿ ಗುರುತಿನದು ಒತ್ತಿದರೆ ಬೇಡ. ಹೊರದೇಶಗಳಿಗೆಂದು ಮಾಡಿದ ಯಂತ್ರಗಳಲ್ಲಿ ಬಹುಮಟ್ಟಿಗೆ ಇದು ತಿರುಗುಮುರುಗು. ಅಕ್ಕತಮ್ಮಂದಿರಿಗೆ ಅದೇ ಮನೆಮಾತಾಯಿತು. ಹಾಲು ಬೇಕೇನೋ? ದುಂಡು. ಸ್ನಾನ ಆಯ್ತೇನೋ? ಕತ್ತರಿ. ಸುಳ್ಳು ಹೇಳಿದರೂ ದುಂಡು ಕತ್ತರಿಯಲ್ಲಿ ಮಾತ್ರ ಸುಳ್ಳು ಹೇಳಕೂಡದೆಂದು ಅವರೊಳಗೊಂದು ಕಟ್ಟುಪಾಡೂ ಇತ್ತು.

ಬೆಳೆದ ತಮ್ಮ ಸೋದರಮಾವನ ದಾರಿ ಹಿಡಿದು ಹಡಗಿನ ಕೆಲಸಕ್ಕೆ ಹೊರಟಾಗ ಅಳಿಯನ ತಂಡ ಕೊನೆಯ ಬಾಗಿಲ ಮುಂದೆ ನಿಂತಿತ್ತು. ಒಳಗಿರುವವನನ್ನು ಹೊಡೆದರೆ ಆಟ ಮುಗಿಯಿತು. "ನಾನು ಬಂದ್ಮೇಲೆ ಸೇರಿ ಹೊಡಿಯೋಣ. ಅಲ್ಲೀವರೆಗೆ ಇಬ್ಬರೂ ಮುಟ್ಬಾರ್ದು," ಎಂದ ತಮ್ಮ. "ದುಂಡು," ಎಂದಳು ಅಕ್ಕ. ಬರುತ್ತೇನೆ ಬರುತ್ತೇನೆ ಎಂದು ವರ್ಷಗಳು ಹೋದವು. ಬಂದಾಗಲೂ ಎರಡು ದಿನ, ಅದೂ ಆಸ್ಪತ್ರೆಯಲ್ಲಿದ್ದ ಅಮ್ಮನ ಮಂಚದ ಪಕ್ಕ. ಅಮ್ಮ ಹೋದಳು, ಅಕ್ಕ ಕೆಲಸಕ್ಕಿದ್ದ ಕನ್ನಡಕದಂಗಡಿಯ ಯಜಮಾನನಿಗೆ ವಯಸ್ಸಾಗಿ ಕೈ ನಡುಗತೊಡಗಿ ಅಂಗಡಿ ಅವಳಿಗೇ ಬಂತು. ಮದುವೆಯ ಮಾತು ತಂದವರನ್ನು ಅವಳು ಬಾಗಿಲಲ್ಲೇ ಬೈದು ಕಳಿಸಿದಳು. ಅಳಿಯ ಮಾತ್ರ ಆಟ ನಿಲ್ಲಿಸಿದ ಜಾಗವನ್ನು ಉಳಿಸಿಡುವ ಮೆಮೊರಿ ಕಾರ್ಡಿನೊಳಗೆ ಕತ್ತಿ ಹಿಡಿದು ನಿಂತೇ ಇದ್ದ. ಫೋನು ಮಾಡಿದಾಗಲೆಲ್ಲ ಅಕ್ಕ ಕೇಳುವಳು: "ಅಲ್ಲೆಲ್ಲೂ ಬಾಗಿಲು ಮುಟ್ಟಿಲ್ಲ ತಾನೇ?" ತಮ್ಮ ಹೇಳುವನು: "ಕತ್ತರಿ ಅಕ್ಕ. ಮುಟ್ಟಿಲ್ಲ." ಅವಳನ್ನು ಕಾಯುತ್ತೇನೆಂದು ಜನ್ಮದಲ್ಲಿ ಹೇಳಿದವನು ಅವನೊಬ್ಬನೇ. ಆ ಮಾತನ್ನು ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದಳು. ಕಾರ್ಡಿನದೊಂದು ನಕಲು ಮಾಡಿಟ್ಟುಕೋ ಎಂದು ಮೇಷ್ಟ್ರು ಹೇಳಿದಾಗ, "ಕೊಟ್ಟ ಮಾತಿಗೆ ಯಾರಾದ್ರೂ ನಕಲು ಇಟ್ಕೋತಾರಾ?" ಎಂದು ಗದರಿದ್ದಳು.

ಈ ಭಾನುವಾರ ತಮ್ಮ ಬರುವವನಿದ್ದ. ಈ ಸಲ ರಜೆ ದೊಡ್ಡದು.

ಅಕ್ಕ ಯಂತ್ರ ಬಿಚ್ಚಿ ಡಿಸ್ಕ್ ಓದುವ ಕಣ್ಣನ್ನು ಬದಲಿಸಿದಳು. ಹೊಸ ಕಣ್ಣು ನಡುವೆ ಕೈಕೊಡಬಾರದಲ್ಲ, ನಾಲ್ಕು ದಿನ ಓಡಿಸಿ ನೋಡಬೇಕು. ಡ್ರೈವರನಿಗೆ ಆ ವಾರ ಹಗಲು ಬಿಡುವು. "ಬೇರೆ ಯಾವುದಾದ್ರೂ ಹಾಕಿ ಓಡಿಸ್ತಾ ಇರು. ಬಾಗಿಲು ಮಾತ್ರ ಮುಟ್ಬೇಡ," ಎಂದು ಹೇಳಿ ತಾನು ಮುಂದೆ ಲೆನ್ಸ್ ಅರೆಯಲು ಕೂತಳು.

ಶನಿವಾರ ಬೆಳಿಗ್ಗೆ ಒಮ್ಮೆ ನೋಡಿಬಿಡೋಣವೆಂದು ಟೀವಿ ಹಾಕಿದಳು. ಅಳಿಯ ಕೊನೆಯ ಬಾಗಿಲ ಮುಂದೆ ಇರಲಿಲ್ಲ. ಆಟದ ಮೊಟ್ಟಮೊದಲ ಹಳ್ಳಿಯ ಬಾವಿಯ ಪಕ್ಕ, ಎಳೆ ಹುಡುಗನ ಬಟ್ಟೆಯಲ್ಲಿ ನಿಂತಿದ್ದ. ಸೊಂಟದಲ್ಲಿ ಮಾತ್ರ ಕೊನೆಯ ಬಾಗಿಲಿಗೆಂದೇ ಸಂಪಾದಿಸಿದ ಕತ್ತಿ. ಆಟ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಆಟ ಮುಗಿಸಿದವರಿಗೆ ಮಾತ್ರ ಯಂತ್ರ ಕೇಳುತ್ತದೆ, ಸಂಪಾದಿಸಿದ್ದನ್ನೆಲ್ಲ ಇಟ್ಟುಕೊಂಡು ಮತ್ತೆ ಮೊದಲಿಂದ ಶುರು ಮಾಡಲೇ ಎಂದು. ಯಾರೋ ಮುಗಿಸಿದ್ದರು. ಮುಗಿಸಿ, ಹೂಂ ಅಂದಿದ್ದರು. ಹಳೆಯದರ ಮೇಲೆಯೇ ಹೊಸದು ಬರೆದು ಕೂತಿತ್ತು.

ಅಕ್ಕನ ಮೈಯೆಲ್ಲ ಉರಿದುಹೋಯಿತು. ಡ್ರೈವರ್ ಬಂದು ಪರದೆ ಸರಿಸಿದವನು ಅಲ್ಲೇ ನಿಂತ.

"ಸ್ವಲ್ಪ ಲೆವೆಲ್ ಏರಿಸಿಡೋಣ ಅಂತ, ಅಕ್ಕ. ನಿಮಗೆ ಭಾನುವಾರ ಸುಲಭ ಆಗ್ಲಿ ಅಂತ ನಾಲ್ಕು ರಾಕ್ಷಸರನ್ನ ಹೊಡೆದೆ. ಆಮೇಲೆ ಕೈ ತಡೀಲಿಲ್ಲ. ಬಾಗಿಲೊಳಗೆ ಹೋದೆ. ಉಳಿಸ್ಬಾರ್ದು, ಮುಗಿಸಿ ಆಫ್ ಮಾಡಿಬಿಡೋದು ಅಂತಾನೇ ಇದ್ದೆ. ಕೊನೆ ಹಾಡು ಬಂತು. ಕಣ್ಣು ಒರೆಸ್ಕೊಳ್ತಾ ಇದ್ದೆ, ಅದೇನೋ ಕೇಳಿತು. ಹಳೇ ಅಭ್ಯಾಸ, ಬೇಡ ಅಂತ ದುಂಡು ಒತ್ತಿಬಿಟ್ಟೆ. ನಮ್ಮನೆ ಯಂತ್ರದಲ್ಲಿ ದುಂಡು ಅಂದ್ರೆ ಬೇಡ."

"ನಿಮ್ಮನೆ ಯಂತ್ರ ನಿಮ್ಮನೇಲಿ. ಯಾರು ಕೇಳಿದ್ರು ನಿನ್ನ ಉಪಕಾರಾನ? ನೋವು ಅಂದವರ ಮನೆಗೆ ಗಾಡಿ ಓಡಿಸ್ತೀಯಲ್ಲ, ಅಲ್ಲೂ ಹೀಗೇನಾ? ರೋಗಿ ಇಲ್ಲಿಗೆ ಅಂದ್ರೆ ಇನ್ನೆಲ್ಲೋ ಇಳಿಸಿ ಬರ್ತೀಯಾ? ಎಷ್ಟು ವರ್ಷ ಈ ಕಾರ್ಡಿನ ಧೂಳು ಒರೆಸಿದೀನಿ ಗೊತ್ತಾ? ನಾನು ಮುಂದೆ ಕಂಡೋರ ಲೆನ್ಸ್ ಅರೀತಾ ಕೂತಿದ್ದೆ, ನೀನು ಹಿಂದೆ ನನ್ನ ಆಟ ಮುಗಿಸ್ತಿದ್ದೆ."

ಕೊನೆಯ ಹಾಡು ಪರದೆಯ ಹಿಂದೆಯೇ ಮೊಳಗಿತ್ತು, ಲೆನ್ಸ್ ಅರೆಯುವ ಯಂತ್ರದ ಕಿರ್ರ್ ಸದ್ದಿನಲ್ಲಿ ಅವಳ ಕಿವಿಗೆ ಬಿದ್ದಿರಲಿಲ್ಲ. ಅದನ್ನು ನೆನೆದು ಕೋಪ ಇನ್ನೂ ಏರಿತು. ಬಾಯಿಗೆ ಬಂದಂತೆ ಬೈದಳು. ಸೈಕಲ್ ರಿಪೇರಿಯವನು ಪಂಪು ಹೊಡೆಯುವುದನ್ನು ನಿಲ್ಲಿಸಿ ಕೇಳಿಸಿಕೊಂಡ.

ಭಾನುವಾರ ಮಧ್ಯಾಹ್ನ ತಮ್ಮ ಬಂದ. ಮೈ ತುಂಬಿಕೊಂಡಿದ್ದ, ನೆತ್ತಿ ತೆಳುವಾಗಿತ್ತು. ಮೇಷ್ಟ್ರು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಬೈಸಿಕೊಂಡದ್ದು ಸಾಲದೆಂಬಂತೆ ಡ್ರೈವರನೂ ಬಂದು ಪರದೆಯ ಹತ್ತಿರ ತಲೆ ತಗ್ಗಿಸಿ ನಿಂತಿದ್ದ. ಅಕ್ಕ ನಡೆದದ್ದನ್ನೆಲ್ಲ ಹೇಳಿದಳು. ಹೇಳುವಾಗ ಅವಳ ದನಿ ಒಡೆಯಿತು, ಅದಕ್ಕೂ ಅವಳಿಗೆ ಸಿಟ್ಟೇ ಬಂತು.

"ಹೋಗ್ಲಿ ಬಿಡಕ್ಕ. ಅದಕ್ಯಾಕೆ ಇಷ್ಟು ಬೇಜಾರು ಮಾಡ್ಕೊಳ್ತೀಯ," ಎಂದು ತಮ್ಮ ಅವಳ ಭುಜ ಹಿಡಿದ. "ಆ ಕೊನೆ ಫೈಟಲ್ಲಿ ಅಂಥದ್ದೇನಿಲ್ಲ. ಹಾಡು ಒಂದು ಚೆನ್ನಾಗಿದೆ, ಅಷ್ಟೇ."

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಅಕ್ಕ ಭುಜದಿಂದ ಅವನ ಕೈ ತೆಗೆದಳು.

"ನಿಂಗೆ ಹೆಂಗೊತ್ತು?"

"ಯಾರೋ ಹೇಳ್ತಿದ್ರು."

"ಯಾರೋ ಅಲ್ಲ. ನನ್ನ ನೋಡು. ಬಾಗಿಲು ಮುಗಿಸಿದ್ಯಾ? ದುಂಡಾ, ಕತ್ತರಿಯಾ?"

ತಮ್ಮ ಗೋಡೆ ನೋಡಿದ, ಟೀವಿ ನೋಡಿದ.

"ದುಂಡು," ಎಂದ.

"ಯಾವಾಗ?"

"ನಾನು ಹೋದ ವರ್ಷಾನೇ. ಅಂದ್ರೆ, ಕೆಲಸಕ್ಕೆ ಸೇರಿದ ವರ್ಷ. ಹಡಗಲ್ಲಿ ಹೊತ್ತೇ ಹೋಗ್ತಿರ್ಲಿಲ್ಲ ಅಕ್ಕ. ಫೋನಲ್ಲೇ ಹಳೇ ಆಟ ಆಡೋ ಆ್ಯಪ್ ಇತ್ತು. ಮೊದಲಿಂದ ಆಡಿ ಮುಗಿಸಿದೆ. ನಿಂಗೆ ಹೇಳಿದ್ರೆ ನೊಂದ್ಕೋತೀಯ ಅಂತ..."

"ನೊಂದ್ಕೋತೀನಿ ಅಂತ," ಎಂದಳು ಅಕ್ಕ. "ಫೋನ್ ಮಾಡಿದಾಗಲೆಲ್ಲ ಕತ್ತರಿ ಅಕ್ಕ, ಕತ್ತರಿ ಅಕ್ಕ. ಊರಿಗೆಲ್ಲ ಕಣ್ಣು ಕಾಣೋ ಹಾಗೆ ಮಾಡ್ತೀನಿ, ನನ್ನ ಕಣ್ಣಿಗೇ ಮಣ್ಣೆರಚಿದ್ಯಲ್ಲೋ. ಬೇರೆ ಏನಾದ್ರೂ ಸುಳ್ಳು ಹೇಳಿದ್ರೆ ಬೈದು ಮರೀತಿದ್ದೆ. ಕತ್ತರಿ ಅಂದ್ಯಲ್ಲ. ಈ ಮನುಷ್ಯಂಗೆ ನಿನ್ನೆ ಇಡೀ ಬೀದಿ ಕೇಳೋ ಹಾಗೆ ಬೈದೆ. ಇವನು ಗೊತ್ತಿಲ್ದೆ ದುಂಡು ಒತ್ತಿದ. ನೀನು ಗೊತ್ತಿದ್ದೂ ಕತ್ತರಿ ಅಂದೆ."

ಅಕ್ಕ ಒಬ್ಬೊಬ್ಬರ ಮುಖವನ್ನೇ ನೋಡಿದಳು. ಮೇಷ್ಟ್ರು ಕಂಡಿದ್ದಾರೆ, ಡ್ರೈವರ್ ಕಂಡಿದ್ದಾನೆ, ತಮ್ಮನಂತೂ ಎಂದೋ ಕಂಡು ಮರೆತಿದ್ದಾನೆ. ಆ ಕೋಣೆಯಲ್ಲಿ ಬಾಗಿಲ ಆಚೆ ಏನಿದೆಯೆಂದು ತಿಳಿಯದವಳು ಅದನ್ನು ಕಾದು ಕೂತ ಅವಳೊಬ್ಬಳೇ. ಈ ಇಬ್ಬರು ಹೊರಗಿನವರು ಅವಳ ಸಲುವಾಗಿ ಇಷ್ಟು ವರ್ಷ ಒಂದು ಹಾಡನ್ನು ಬಾಯೊಳಗೇ ಇಟ್ಟುಕೊಂಡಿದ್ದರು. ಒಡಹುಟ್ಟಿದವನಿಗೆ ಅಷ್ಟೂ ಆಗಿರಲಿಲ್ಲ.

"ಆ ಸ್ಟೂಲ್ ಎಳ್ಕೋ," ಎಂದಳು ಡ್ರೈವರನಿಗೆ. "ಸಾಲ ಕೇಳೋಕೆ ಬಂದವನ ಹಾಗೆ ನಿಂತ್ಕೋಬೇಡ."

ಅವನು ಕೂತ. ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡಳು. ಟೀವಿಯ ಮುಂದೆ ಕೂತು ಯಂತ್ರ ಹಾಕಿದಳು. ಎಳೆ ಬಟ್ಟೆಯ ಅಳಿಯ ದೊಡ್ಡ ಕತ್ತಿ ಕಟ್ಟಿಕೊಂಡು ಬಾವಿಯ ಪಕ್ಕ ನಿಂತಿದ್ದ. ಹಳ್ಳಿಯ ರಾಗ ಶುರುವಾಯಿತು, ಎರಡೇ ದನಿಯ ಚಿಕ್ಕ ರಾಗ. ಅವಳು ಅವನನ್ನು ನಡೆಸಿಕೊಂಡು ಊರ ಬೇಲಿ ದಾಟಿದಳು, ಹುಲ್ಲುಗಾವಲಿಗೆ ಬಂದಳು. ಪಕ್ಕದಲ್ಲಿ ತಮ್ಮ ಮೆಲ್ಲನೆ ನೆಲದ ಮೇಲೆ ಬಂದು ಕೂತದ್ದು ಅವಳಿಗೆ ಗೊತ್ತಾಯಿತು. ಚಿಕ್ಕವನಿದ್ದಾಗ ಕೂರುತ್ತಿದ್ದ ಅದೇ ಬದಿ.

ಟೀವಿ ಒಮ್ಮೆ ಮಿನುಗಿ ಮೊದಲ ರಾಕ್ಷಸ ಎದುರು ನಿಂತ. ಹೊಡೆದಾಟದ ರಾಗ ಬಡಿಯತೊಡಗಿತು. ತಮ್ಮನ ಕೈ ಹಳೆಯ ಅಭ್ಯಾಸದಂತೆ ತಾನಾಗಿ ಮುಂದೆ ಬಂತು.

"ಫೈಟ್ ಬಂತು. ಕೊಡಕ್ಕ, ನಾನು ಹೊಡೀತೀನಿ."

ಅಕ್ಕ ಟೀವಿಯಿಂದ ಕಣ್ಣು ತೆಗೆಯಲಿಲ್ಲ.

"ಕತ್ತರಿ," ಎಂದಳು. ಎಂದು, ದುಂಡು ಒತ್ತಿದಳು.