ಕಾಕುವಿನ ಗಾಡಿಗೆ ಉಡಿ ತುಂಬಿದ ದಿನ

ಮಾರ್ಚ್ ಎರಡು, ಭಾನುವಾರ, ಬೆಳಿಗ್ಗೆ ಏಳೂವರೆ.

ಕಾಕುವಿನ ಬಳೆಗಳ ಸಂದಿಯಲ್ಲಿ ಸದಾ ಜೋಳದ ಹಿಟ್ಟು ಮೆತ್ತಿಕೊಂಡಿರುತ್ತಿತ್ತು. ಗೇರ್ ಬದಲಿಸಿದಾಗಲೆಲ್ಲ ಅದು ಉದುರಿ, ಆ ದೊಡ್ಡ ಕಪ್ಪು ಎಸ್‌ಯುವಿಯ ಗೇರ್ ಹಿಡಿ ಮಾತ್ರ ಬೆಳ್ಳಗೆ ಕಾಣುತ್ತಿತ್ತು. ಬಿಬವೇವಾಡಿಯ ನಮ್ಮ ವಸತಿ ಸೊಸೈಟಿಗೆಲ್ಲ ಅವರು ಕಾಕು, ಮರಾಠಿಯಲ್ಲಿ ಚಿಕ್ಕಮ್ಮ. ಧಾರವಾಡದ ಕಡೆಯವರು. ನಮ್ಮ ಮೇಲಿನ ಮಹಡಿಯಲ್ಲಿ ರೊಟ್ಟಿ, ಶೇಂಗಾ ಹೋಳಿಗೆ ಮಾಡಿಸಿ, ಮದುವೆ ಮನೆಗಳಿಗೆ ತಾವೇ ಗಾಡಿ ಓಡಿಸಿಕೊಂಡು ಹೋಗಿ ಮುಟ್ಟಿಸುತ್ತಿದ್ದರು. ಶನಿವಾರ ನಾನೂ ಜೊತೆಗೆ. ಯಾವ ಊರು, ಎಷ್ಟು ಬುಟ್ಟಿ, ಎಷ್ಟು ಡೀಸೆಲ್ ಎಂದು ದಿನಚರಿಯಲ್ಲಿ ಬರೆದಿಡುವುದು ನನ್ನ ಚಟ. "ಬರಕೊಳವ್ವಾ, ನಾ ಎಷ್ಟು ಸಲ ಹಾರ್ನ್ ಹೊಡದೆ ಅನ್ನೋದೂ ಬರಕೋ," ಎಂದು ಕಾಕು ಛೇಡಿಸುತ್ತಿದ್ದರು.

ಬಾರಾಮತಿಗೆ ಹೋಗುವಾಗ ದಿವೆ ಘಾಟಿನ ಏರಿನಲ್ಲಿ, ತುಂಬಿದ ಗಾಡಿ ಏದುಸಿರು ಬಿಡುತ್ತಿತ್ತು. "ಪಾಪ, ಇದಕ್ಕ ಮೂಗು ಕಟ್ಟೇದ," ಎಂದರು. ಮರುವಾರವೇ ಗ್ಯಾರೇಜಿಗೆ ಹೋಗಿ, ಹೊಗೆ ಶುದ್ಧ ಮಾಡುವ ಭಾಗವನ್ನು ಮುಟ್ಟದೆ ಅದರ ಹಿಂದಿನ ಪೈಪು, ಸೈಲೆನ್ಸರ್ ತೆಗೆಸಿ, ಅಗಲವಾದ ಸ್ಟೀಲಿನ ಎಕ್ಸಾಸ್ಟ್ ಹಾಕಿಸಿದರು. ಮೊದಲು ಕೆಮ್ಮುತ್ತಿದ್ದ ಗಾಡಿ ಈಗ ಮಂದ್ರದಲ್ಲಿ ಗುನುಗತೊಡಗಿತು. ಘಾಟನ್ನು ಸಲೀಸಾಗಿ ಹತ್ತಿತು.

ಸೊಸೈಟಿಗೆ ಈ ಹೊಸ ಸದ್ದು ಹಿಡಿಸಲಿಲ್ಲ. ಇಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕು ನಿದ್ದೆಯ ಹೊತ್ತು. ಕೊರಿಯರ್‌ನವರೂ ಗಂಟೆ ಒತ್ತಲು ಹೆದರುತ್ತಾರೆ. ಅಧ್ಯಕ್ಷರು ಹೇಳಿ ಕಳಿಸಿದರು: ಭಾನುವಾರ ಎರಡು ಗಂಟೆಗೆ ತಾವೇ ಬಂದು ಕೇಳುತ್ತಾರೆ, ಸದ್ದು ಹೆಚ್ಚೆನಿಸಿದರೆ ಗಾಡಿ ಗೇಟಿನ ಹೊರಗೆ. ಹೊರಗಿನ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸುವುದೇ ಕಷ್ಟ. ಪಾರ್ಕಿಂಗ್ ಹೋದರೆ ಬುಟ್ಟಿಗಳನ್ನು ಹೇರುವುದೆಲ್ಲಿ? ಕಾಕುವಿನ ವ್ಯಾಪಾರವೇ ನಿಂತುಹೋಗುತ್ತಿತ್ತು.

ಆ ಭಾನುವಾರ ಅವರು ಮೊದಲು ಮಾಡಿದ್ದು ಪೂಜೆ. ಚಕ್ರಕ್ಕೆ ನಿಂಬೆಹಣ್ಣು, ಬಾನೆಟ್ಟಿಗೆ ಹಾರ, ಹೊಸ ಪೈಪಿಗೆ ಅರಿಶಿನ ಕುಂಕುಮ. ಹೊರಗೆ ಹಚ್ಚಿದ್ದು ಸಾಲದೆಂದು ಅದರ ಬಾಯೊಳಗೂ ಒಂದು ಹಿಡಿ ಕುಂಕುಮ ಹಾಕಿದರು. "ಹೊಸಾ ಸೊಸಿ ಇದ್ದಂಗ ಇದು. ಉಡಿ ತುಂಬಬೇಕು."

ಅಧ್ಯಕ್ಷರು ಮದುವೆಗೆ ಹೊರಟಿದ್ದವರು, ಬಿಳಿ ಕುರ್ತಾ ತೊಟ್ಟು ಬಂದು ಸರಿಯಾಗಿ ಗಾಡಿಯ ಹಿಂದೆ ನಿಂತರು. ನಾನು ಕಾಕುವಿನ ಪಕ್ಕದ ಸೀಟಿನಲ್ಲಿದ್ದೆ. ಕಾಕು ಕೀಲಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದರು. ಕನ್ನಡಿಯಲ್ಲಿ ನೋಡುತ್ತೇನೆ, ಅಧ್ಯಕ್ಷರು ಕೆಂಪು ಮೋಡದೊಳಗೆ ಮರೆಯಾಗಿದ್ದಾರೆ.

"ಕಾಕು, ಬಂದ್ ಮಾಡ್ರಿ!" ಎಂದು ಕೂಗಿದೆ.

"ಯಾಕ? ಹೆದರಿಕಿ ಬಂದ್ರ ಬ್ರೇಕ್ ಒತ್ತಬೇಕು, ನಾಚಿಕಿ ಬಂದ್ರ ಅಲ್ಲ. ಅವರು ಸದ್ದು ಕೇಳಾಕ ಬಂದಾರ, ಪೂರ್ತಿ ಕೇಳ್ಲಿ."

ಎಂಜಿನ್ ಗುನುಗುತ್ತಲೇ ಇತ್ತು. ಎದೆಯಿಂದ ಮೊಣಕಾಲಿನವರೆಗೆ ಕೆಂಪಾಗಿದ್ದ ಅಧ್ಯಕ್ಷರು ಕಣ್ಣೊರೆಸಿಕೊಂಡು, ಇವತ್ತು ಹೋಳಿಯೇನು ಎಂದು ಮರಾಠಿಯಲ್ಲಿ ಕೇಳಿದರು: "ಕಾಕೂ, ಆಜ್ ಹೋಳೀ ಆಹೇ ಕಾ?"

ಕಾಕು ಕಿಟಕಿಯಿಂದ ತಲೆ ಹೊರಹಾಕಿ, "ನಾಹೀ, ಹಳದೀ-ಕುಂಕೂ!" ಎಂದರು.

ಮುತ್ತೈದೆಯರನ್ನಷ್ಟೇ ಕರೆಯುವ ಅರಿಶಿನ-ಕುಂಕುಮದ ಸಮಾರಂಭಕ್ಕೆ ತಾವು ಬಂದಂತಾಯಿತೆಂದು ಅಧ್ಯಕ್ಷರೇ ಮೊದಲು ನಕ್ಕರು. ಆಮೇಲೆ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಂಜಿನ್ನಿನ ಸದ್ದಿಗೆ ಒಂದು ಬಾಲ್ಕನಿಯ ಬಾಗಿಲೂ ತೆರೆದಿರಲಿಲ್ಲ. ನಮ್ಮ ನಗುವಿಗೆ ಮೂರು ತೆರೆದವು. ಅಧ್ಯಕ್ಷರು ಮೇಲೆ ನೋಡಿ, ಗದ್ದಲ ಗಾಡಿಯದಲ್ಲ, ಕಾಕುವಿನದು ಎಂದು ತೀರ್ಪು ಕೊಟ್ಟು ಬಟ್ಟೆ ಬದಲಿಸಲು ಹೋದರು. ಗಾಡಿ ಒಳಗೇ ಉಳಿಯಿತು.

ಅದರಲ್ಲೇ ಕಾಕು ನನಗೆ ಡ್ರೈವಿಂಗ್ ಕಲಿಸಿದರು. ಘಾಟಿನ ಏರಿನಲ್ಲಿ ನನ್ನ ಕೈಯಲ್ಲಿ ಎಂಜಿನ್ ಬಂದ್ ಆಗಿ ಹಿಂದಿನ ಲಾರಿಗಳು ಅರಚುವಾಗ ಅವರು ಹೋಳಿಗೆ ಮುರಿದು ತಿನ್ನುತ್ತಾ ಕೂತಿರುತ್ತಿದ್ದರು. "ಒದರಲಿ ಬಿಡು, ಅವರಿಗೂ ಹಸಿವಿ ಆಗಿರ್ತದ."

ಕಳೆದ ದೀಪಾವಳಿಯ ನಂತರ ಕಾಕು ತೀರಿಕೊಂಡರು. ಅವರ ಮಗಳು ಗಾಡಿಯನ್ನು ಬಾರಾಮತಿಯ ದಲ್ಲಾಳಿಯೊಬ್ಬರಿಗೆ ಮಾರಿದರು. ಆ ದಲ್ಲಾಳಿ ಅದನ್ನು ದೌಂಡದ ಯಾರಿಗೋ ಕೊಟ್ಟರಂತೆ. ಖಾಲಿಯಾದ ಪಾರ್ಕಿಂಗ್ ಜಾಗಕ್ಕೆ ನಾನು ಅರ್ಜಿ ಹಾಕಿದ್ದೇನೆ. "ಗಾಡಿ ಎಲ್ಲಿ?" ಎಂದು ಅಧ್ಯಕ್ಷರು ಕೇಳಿದರು. ಹುಡುಕುತ್ತಿದ್ದೇನೆ ಎಂದೆ. ಅವರು ಆ ಜಾಗವನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ.

ದೌಂಡದ ಕಡೆ ಅಗಲ ಎಕ್ಸಾಸ್ಟಿನ, ಮೆಲ್ಲಗೆ ಗುನುಗುವ ಕಪ್ಪು ಎಸ್‌ಯುವಿಯನ್ನು ಯಾರಾದರೂ ಕಂಡಿದ್ದರೆ ದಯವಿಟ್ಟು ನನಗೆ ಬರೆಯಿರಿ.